ಮನಶ್ಶಾಸ್ತ್ರದ ಅರ್ಲಿ ಕರಿಯರ್ ಪ್ರಶಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮನಶ್ಶಾಸ್ತ್ರ ಪಾಠ ಮಾಡುವವಳು. ಪಿಎಚ್‌ಡಿ ಮಾಡುತ್ತಿರುವವರು, ಮುಗಿಸಿ ಕೆಲಸ ಹುಡುಕುತ್ತಿರುವವರು, ಒಮ್ಮೊಮ್ಮೆ ಅವರ ಅಪ್ಪ ಅಮ್ಮಂದಿರು ಈ ಪ್ರಶಸ್ತಿಗಳ ಬಗ್ಗೆ ಕೇಳುತ್ತಲೇ ಇರುತ್ತಾರೆ. ಕಾಲೇಜಿನ ಮೆಟ್ಟಿಲ ಮೇಲೆ, ಫೋನಿನಲ್ಲಿ, ಪತ್ರದಲ್ಲಿ. ಒಂದೇ ಉತ್ತರ ಹತ್ತು ಸಲ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ನನಗೂ ಬಿಡಿಸೋಕೆ ಕಷ್ಟವಾದವು ಕೊನೆಗೆ.

## ಶುರುವಿನ ಪ್ರಶ್ನೆಗಳು

ಅರ್ಲಿ ಕರಿಯರ್ ಅವಾರ್ಡ್ ಅಂದ್ರೆ ಏನು ಮೇಡಂ? ರ‍್ಯಾಂಕ್ ಬಂದವರಿಗೆ ಕೊಡೋದಾ?

ಅಲ್ಲ. ರ‍್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಪಿಎಚ್‌ಡಿ ಮುಗಿಸಿ ಸ್ವಂತ ಸಂಶೋಧನೆ ಶುರು ಮಾಡಿದ ಮೊದಲ ಎಂಟು-ಹತ್ತು ವರ್ಷಗಳಲ್ಲೇ ಒಳ್ಳೆಯ ಕೆಲಸ ಮಾಡಿ ತೋರಿಸಿದವರಿಗೆ ಕೊಡುವ ಪ್ರಶಸ್ತಿ ಇದು. ಜೀವಮಾನ ಸಾಧನೆಗೆ ಕೊಡುವ ಪ್ರಶಸ್ತಿ ಮುಗಿದ ಕೆಲಸಕ್ಕೆ ಸಲ್ಲುವ ಗೌರವ. ಇಲ್ಲಿ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಇವರು ಕೈಗೆತ್ತಿಕೊಂಡ ಪ್ರಶ್ನೆ ಇನ್ನೂ ದೂರ ಹೋಗುತ್ತದೆ ಎಂಬ ನಂಬಿಕೆ ಇಟ್ಟು ಕೊಡುತ್ತಾರೆ. ಇದೊಂದು ಮಾತು ನೆನಪಿಟ್ಟುಕೊಳ್ಳಿ. ಕೆಳಗಿನ ಎಷ್ಟೋ ಉತ್ತರಗಳ ಬೇರು ಇಲ್ಲೇ ಇದೆ.

ಸೈಕಾಲಜಿ ಅಂದ್ರೆ ಕೌನ್ಸೆಲಿಂಗ್ ತಾನೇ? ಅದರಲ್ಲಿ ಸಂಶೋಧನೆ ಏನಿರುತ್ತೆ?

ಕೌನ್ಸೆಲಿಂಗ್ ಈ ವಿಷಯದ ಒಂದು ಕೊಂಬೆ, ಅಷ್ಟೇ. ಒಂದು ಉದಾಹರಣೆ ಕೊಡುತ್ತೇನೆ. ಯಾರಾದರೂ ನಮಗೆ ಕಚಗುಳಿ ಇಟ್ಟರೆ ನಗು ತಡೆಯೋಕಾಗಲ್ಲ. ನಮಗೆ ನಾವೇ ಇಟ್ಟುಕೊಂಡರೆ ಏನೂ ಆಗಲ್ಲ. ಯಾಕೆ?

ಲಂಡನ್ನಿನಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಅವರ ಜೊತೆಗಾರರು 1990ರ ದಶಕದ ಕೊನೆಯಲ್ಲಿ ಇದನ್ನೇ ಪರೀಕ್ಷಿಸಿದರು. ಬಂದವರ ಬಲ ಅಂಗೈ ಮೇಲೆ ಮೆತ್ತನೆಯ ಸ್ಪಂಜಿನ ತುಂಡು. ಅದನ್ನು ಆಡಿಸುವುದು ಒಂದು ರೋಬೋ. ರೋಬೋವನ್ನು ನಡೆಸುವುದು ಅದೇ ವ್ಯಕ್ತಿಯ ಎಡಗೈ. ಎಡಗೈ ಆಡಿದ ಕ್ಷಣವೇ ಸ್ಪಂಜು ಆಡಿದರೆ ಕಚಗುಳಿ ಕಡಿಮೆ. ಎಡಗೈ ಆಡಿ ಸ್ವಲ್ಪ ತಡವಾಗಿ, ಒಂದು ಸೆಕೆಂಡಿನ ಹತ್ತನೇ ಒಂದು ಭಾಗ, ಹತ್ತನೇ ಎರಡು ಭಾಗ ಬಿಟ್ಟು ಸ್ಪಂಜು ಆಡಿದರೆ ಕಚಗುಳಿ ಏರುತ್ತಾ ಹೋಯಿತು. ತನ್ನದೇ ಕೈ ಅಂತ ಗೊತ್ತಿದ್ದರೂ! ನಾವು ಕೈ ಆಡಿಸುವಾಗ ಅದರಿಂದ ಏನು ಅನ್ನಿಸಬಹುದು ಅಂತ ಮೆದುಳು ಮುಂಚೆಯೇ ಲೆಕ್ಕ ಹಾಕುತ್ತದೆ. ತಲೆಯ ಹಿಂಭಾಗದ ಕಿರುಮೆದುಳಿಗೆ ಇದರಲ್ಲಿ ದೊಡ್ಡ ಪಾತ್ರವಿದೆ. ಲೆಕ್ಕ ಸರಿಹೋದರೆ ಸ್ಪರ್ಶದ ಜೋರು ತಗ್ಗುತ್ತದೆ. ಸ್ವಲ್ಪ ಹೊತ್ತು ಹೆಚ್ಚುಕಮ್ಮಿಯಾದರೂ ಲೆಕ್ಕ ತಪ್ಪುತ್ತದೆ, ಕಚಗುಳಿ ಆಗುತ್ತದೆ.

ಅಡುಗೆಮನೆಯಲ್ಲಿ ಆಡುವ ಮಗುವಿಗೂ ಹೊಳೆಯಬಹುದಾದ ಪ್ರಶ್ನೆ ಇದು. ಅದಕ್ಕೆ ಉತ್ತರ ಹುಡುಕುವ ಉಪಾಯ ಇದೆಯಲ್ಲ, ಅದನ್ನೇ ನಾವು ಸಂಶೋಧನೆ ಅನ್ನುವುದು. ಬ್ಲೇಕ್‌ಮೋರ್ ಮುಂದೆ ಹದಿಹರೆಯದ ಮಕ್ಕಳ ಮೆದುಳಿನ ಅಧ್ಯಯನಕ್ಕೆ ಹೆಸರಾದರು. 2006ರಲ್ಲಿ ಅವರಿಗೆ ಬ್ರಿಟನ್ನಿನ ಅರ್ಲಿ ಕರಿಯರ್ ಪ್ರಶಸ್ತಿಯಾದ ಸ್ಪಿಯರ್‌ಮನ್ ಪದಕ ಬಂತು.

ಮುಖ್ಯವಾದ ಪ್ರಶಸ್ತಿಗಳು ಯಾವುವು?

ಹೊರದೇಶದವುಗಳಲ್ಲಿ ನಾಲ್ಕರ ಹೆಸರು ಜಾಸ್ತಿ ಕೇಳುತ್ತೇವೆ. ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಸ್ಪಿಯರ್‌ಮನ್ ಪದಕ 1965ರಿಂದ ಹೆಚ್ಚಿನ ವರ್ಷಗಳಲ್ಲಿ ಕೊಟ್ಟುಕೊಂಡು ಬಂದದ್ದು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 1974ರಿಂದ ಕೊಡುತ್ತಿರುವ ಅರ್ಲಿ ಕರಿಯರ್ ಪ್ರಶಸ್ತಿಯೊಂದಿದೆ. ಅವರು ಇಡೀ ವಿಷಯವನ್ನು ಹತ್ತು ಭಾಗ ಮಾಡಿ, ಈ ವರ್ಷ ಐದಕ್ಕೆ, ಮರುವರ್ಷ ಉಳಿದ ಐದಕ್ಕೆ ಕೊಡುತ್ತಾರೆ. ನೆನಪಿನ ಬಗ್ಗೆ ಕೆಲಸ ಮಾಡಿದ ಜಾನ್ ಆಂಡರ್ಸನ್‌ಗೆ 1978ರಲ್ಲಿ, ಭಾಷೆಯ ಬಗ್ಗೆ ಕೆಲಸ ಮಾಡಿದ ಸ್ಟೀವನ್ ಪಿಂಕರ್‌ಗೆ 1984ರಲ್ಲಿ ಇದು ಬಂತು. ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಕೊಡುವುದು ಟ್ರೋಲ್ಯಾಂಡ್ ಪ್ರಶಸ್ತಿ. ಅಸೋಸಿಯೇಷನ್ ಫಾರ್ ಸೈಕಲಾಜಿಕಲ್ ಸೈನ್ಸ್ ಕೊಡುವುದು ಜ್ಯಾನೆಟ್ ಟೇಲರ್ ಸ್ಪೆನ್ಸ್ ಪ್ರಶಸ್ತಿ.

ಟ್ರೋಲ್ಯಾಂಡ್ ಅನ್ನುವ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರಲ್ಲ. ಲೆನರ್ಡ್ ಟ್ರೋಲ್ಯಾಂಡ್ ಹಾರ್ವರ್ಡಿನ ಮನಶ್ಶಾಸ್ತ್ರಜ್ಞ, ಜೊತೆಗೆ ಭೌತವಿಜ್ಞಾನಿ. ಸಿನಿಮಾಕ್ಕೆ ಬಣ್ಣ ಕೊಟ್ಟ ಟೆಕ್ನಿಕಲರ್ ತಂತ್ರವನ್ನು ಬೆಳೆಸಿದವರಲ್ಲಿ ಒಬ್ಬ. ಕಣ್ಣಿನ ಪರದೆ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅಂತ ಅಳೆಯುವ ಮಾನಕ್ಕೆ ಇವತ್ತಿಗೂ ಅವನದೇ ಹೆಸರು. 1932ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ಬೆಟ್ಟದಿಂದ ಬಿದ್ದು ತೀರಿಕೊಂಡ. ಅವನು ಬಿಟ್ಟುಹೋದ ಹಣದಿಂದಲೇ ಈ ಪ್ರಶಸ್ತಿ ನಡೆಯುತ್ತಿದೆ.

ಸ್ಪಿಯರ್‌ಮನ್ ಅಂದ್ರೆ ಅದೇ ಕೋರಿಲೇಷನ್‌ನ ಸ್ಪಿಯರ್‌ಮನ್ನಾ?

ಅವರೇ. ಸಂಖ್ಯಾಶಾಸ್ತ್ರದ ಪೇಪರಿನಲ್ಲಿ ರ‍್ಯಾಂಕ್ ಕೋರಿಲೇಷನ್ (ಎರಡು ಪಟ್ಟಿಗಳ ಕ್ರಮ ಒಂದಕ್ಕೊಂದು ಎಷ್ಟು ಹೊಂದುತ್ತದೆ ಅಂತ ಅಳೆಯುವ) ಲೆಕ್ಕ ಬಿಡಿಸಿದವರಿಗೆಲ್ಲ ಗೊತ್ತಿರುವ ಚಾರ್ಲ್ಸ್ ಸ್ಪಿಯರ್‌ಮನ್. ಒಂದು ವಿಷಯದಲ್ಲಿ ಚೆನ್ನಾಗಿ ಮಾಡುವ ಮಗು ಸಾಮಾನ್ಯವಾಗಿ ಬೇರೆ ವಿಷಯಗಳಲ್ಲೂ ಚೆನ್ನಾಗಿ ಮಾಡುತ್ತದೆ ಅನ್ನುವುದನ್ನು ಅಂಕಿಗಳಲ್ಲಿ ಹಿಡಿದು, ಎಲ್ಲದರ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದು 1904ರಲ್ಲಿ ವಾದಿಸಿದವರು.

ಇವರಿಗೂ ಮೈಸೂರಿಗೂ ನೇರ ನಂಟಿದೆ. ಲಂಡನ್ನಿನಲ್ಲಿ ಇವರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಕಲ್ಕತ್ತಾ ಬಿಟ್ಟರೆ ಭಾರತದಲ್ಲಿ ಇದೇ ಎರಡನೆಯದು. ಪಶ್ಚಿಮದ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದಿಸುವ ಕೆಲಸ ಶುರು ಮಾಡಿದವರಲ್ಲೂ ಅವರೊಬ್ಬರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿ ಆಕಾಶವಾಣಿ ಎಂದು ಕರೆದರಲ್ಲ, ಅದೇ ಗೋಪಾಲಸ್ವಾಮಿಯವರು. ರೇಡಿಯೊದ ಕಥೆ ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಅವರು ಮನಶ್ಶಾಸ್ತ್ರದ ಮೇಷ್ಟ್ರು ಅನ್ನುವುದು ಗೊತ್ತಿರುವವರು ಕಡಿಮೆ. ಅದಕ್ಕೇ ಸಿಕ್ಕ ಕಡೆಯೆಲ್ಲ ಹೇಳುತ್ತಿರುತ್ತೇನೆ.

ದುಡ್ಡು ಎಷ್ಟು ಬರುತ್ತೆ?

ಒಂದೊಂದರಲ್ಲಿ ಒಂದೊಂದು ಥರ. ಟ್ರೋಲ್ಯಾಂಡ್ ಪ್ರಶಸ್ತಿಯಲ್ಲಿ ವರ್ಷಕ್ಕೆ ಇಬ್ಬರಿಗೆ, ತಲಾ 75,000 ಡಾಲರ್. ಅದು ಅವರ ಸಂಶೋಧನೆಗೆ ಬಳಸಲು ಕೊಡುವ ಹಣ. ಹೆಚ್ಚಿನವುಗಳಲ್ಲಿ ಹಣ ಸಣ್ಣದು. ಪದಕ ಇಲ್ಲವೇ ಫಲಕ, ಸಮ್ಮೇಳನದಲ್ಲಿ ಒಂದು ಉಪನ್ಯಾಸ. ಕೆಲಸಕ್ಕೆ ಬರುವುದು ಆ ಉಪನ್ಯಾಸ. ನಿಮ್ಮ ಪೇಪರ್ ಓದದವರೂ ಅವತ್ತು ನಿಮ್ಮ ಮಾತು ಕೇಳುತ್ತಾರೆ.

## ಅರ್ಹತೆ ಮತ್ತು ಅರ್ಜಿ

ನನಗೀಗ 41. ಮದುವೆ, ಕೆಲಸ ಎಲ್ಲ ಆದಮೇಲೆ ಪಿಎಚ್‌ಡಿ ಮಾಡಿದೆ. ನಾನು ‘ಯುವ ಸಂಶೋಧಕಿ’ ಆಗ್ತೀನಾ?

ಆಗುತ್ತೀರಿ. ಈಗ ಬಹಳಷ್ಟು ಕಡೆ ಹುಟ್ಟಿದ ದಿನ ನೋಡುವುದಿಲ್ಲ, ಪಿಎಚ್‌ಡಿ ಬಂದ ದಿನ ನೋಡುತ್ತಾರೆ. ಸ್ಪಿಯರ್‌ಮನ್ ಪದಕಕ್ಕೆ ಪಿಎಚ್‌ಡಿ ಮುಗಿದು ಎಂಟು ವರ್ಷದ ಒಳಗಿರಬೇಕು ಅನ್ನುವ ಲೆಕ್ಕ ಇತ್ತು. ಟ್ರೋಲ್ಯಾಂಡ್‌ನಲ್ಲಿ ಬಹಳ ಕಾಲ 40 ವರ್ಷದ ವಯೋಮಿತಿ ಇತ್ತು.

ಸ್ಪಿಯರ್‌ಮನ್ ಅವರನ್ನೇ ನೋಡಿ. ಹುಟ್ಟಿದ್ದು 1863ರಲ್ಲಿ. ಹದಿನಾಲ್ಕು-ಹದಿನೈದು ವರ್ಷ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು, ಬರ್ಮಾದಲ್ಲೂ ಇದ್ದರು. 1897ರಲ್ಲಿ ಅದನ್ನು ಬಿಟ್ಟು ಜರ್ಮನಿಯ ಲೈಪ್‌ಜಿಗ್‌ಗೆ ಮನಶ್ಶಾಸ್ತ್ರಜ್ಞ ವುಂಟ್ ಅವರ ಪ್ರಯೋಗಾಲಯಕ್ಕೆ ಓದಲು ಹೋದರು. ನಡುವೆ ಬೋಯರ್ ಯುದ್ಧ ಅಂತ ಮತ್ತೆ ಸೈನ್ಯಕ್ಕೆ ಕರೆ ಬಂತು. ಪಿಎಚ್‌ಡಿ ಸಿಕ್ಕಿದ್ದು 1906ರಲ್ಲಿ, ನಲವತ್ತೆರಡು ತುಂಬಿದ ಮೇಲೆ. ವಯಸ್ಸಿನ ಲೆಕ್ಕ ಹಿಡಿದಿದ್ದರೆ ಅವರ ಹೆಸರಿನ ಪದಕ ಅವರಿಗೇ ಸಿಗುತ್ತಿರಲಿಲ್ಲ. ನೀವು ಹಿಂಜರಿಯಬೇಡಿ.

ವೈವಾ ದಿನ, ನೋಟಿಫಿಕೇಷನ್ ದಿನ, ಘಟಿಕೋತ್ಸವದ ದಿನ. ಯಾವುದನ್ನ ಹಿಡೀಬೇಕು?

ನಿಯಮಾವಳಿಯಲ್ಲಿ ಏನು ಬರೆದಿದೆಯೋ ಅದನ್ನು. ಕೆಲವರು ‘ಪದವಿ ಪ್ರದಾನವಾದ ದಿನ’ ಅನ್ನುತ್ತಾರೆ, ಕೆಲವರು ‘ಅಗತ್ಯಗಳೆಲ್ಲ ಪೂರೈಸಿದ ದಿನ’ ಅನ್ನುತ್ತಾರೆ. ನಮ್ಮಲ್ಲಿ ಈ ಎರಡರ ನಡುವೆ ಒಂದು ವರ್ಷವೇ ಕಳೆದುಹೋಗಬಹುದು. ನನ್ನ ಪರಿಚಯದ ಹುಡುಗನೊಬ್ಬನಿಗೆ ವೈವಾ (ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆ) ಮುಗಿದು ಏಳು ತಿಂಗಳಾದರೂ, ಪದವಿ ಸಿಕ್ಕಿದೆ ಎಂದು ವಿಶ್ವವಿದ್ಯಾಲಯ ಹೊರಡಿಸುವ ನೋಟಿಫಿಕೇಷನ್ ಬಂದಿರಲಿಲ್ಲ. ಫೈಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಿರಲಿಲ್ಲ, ಅಷ್ಟೇ ಕಾರಣ. ಅಷ್ಟರಲ್ಲಿ ಅರ್ಜಿಯ ದಿನ ದಾಟಿಹೋಯಿತು. ಅವನ ಮುಖ ನನಗಿನ್ನೂ ನೆನಪಿದೆ.

ಹಾಗಾಗಿ ಎರಡು ಕೆಲಸ ಮಾಡಿ. ವೈವಾ ಆದ ದಿನವೇ ಅದರ ವರದಿಯ ಪ್ರತಿ ಇಟ್ಟುಕೊಳ್ಳಿ, ಪ್ರೊವಿಷನಲ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ಅನುಮಾನ ಇದ್ದರೆ ಪ್ರಶಸ್ತಿ ಕೊಡುವವರಿಗೇ ಎರಡು ಸಾಲಿನ ಇಮೇಲ್ ಬರೆದು ಕೇಳಿ. ಅವರು ಉತ್ತರ ಕೊಡುತ್ತಾರೆ. ಆ ಉತ್ತರವನ್ನು ಅರ್ಜಿಯ ಜೊತೆ ಲಗತ್ತಿಸಿ.

ಎರಡು ಹೆರಿಗೆ ಆಯ್ತು, ಅತ್ತೆಗೆ ಹುಷಾರಿರಲಿಲ್ಲ, ನಾಲ್ಕು ವರ್ಷ ಲ್ಯಾಬಿಗೆ ಕಾಲಿಡಲಿಲ್ಲ. ಆ ವರ್ಷಗಳೂ ಲೆಕ್ಕಕ್ಕೆ ಬರುತ್ತಾ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೊದಲ ಹತ್ತು ವರ್ಷ ಅಂತ ಇವರು ಎಣಿಸುವ ವರ್ಷಗಳು ನಮ್ಮ ಹೆಣ್ಣುಮಕ್ಕಳ ಬಾಳಿನಲ್ಲಿ ಹೆರಿಗೆ, ಬಾಣಂತನ, ಮನೆಯ ಹಿರಿಯರ ಕಾಯಿಲೆ ಎಲ್ಲ ಒಟ್ಟಿಗೆ ಬಂದು ಕೂರುವ ವರ್ಷಗಳೇ ಆಗಿರುತ್ತವೆ.

ಈಗ ಸ್ವಲ್ಪ ಬದಲಾಗಿದೆ. ಮಗು ನೋಡಿಕೊಳ್ಳಲು, ಕಾಯಿಲೆಗೆ ಅಂತ ರಜೆ ತೆಗೆದುಕೊಂಡ ಅವಧಿಯನ್ನು ಕಳೆದು ಲೆಕ್ಕ ಹಾಕುವವರು ಹೆಚ್ಚುತ್ತಿದ್ದಾರೆ. ಯುರೋಪಿಯನ್ ರಿಸರ್ಚ್ ಕೌನ್ಸಿಲ್ಲಿನ ಸ್ಟಾರ್ಟಿಂಗ್ ಗ್ರಾಂಟ್ ಪ್ರಶಸ್ತಿಯಲ್ಲ, ಧನಸಹಾಯ. ಆದರೂ ಅಲ್ಲಿ ತಾಯಂದಿರಿಗೆ ಒಂದು ಮಗುವಿಗೆ 18 ತಿಂಗಳು ಸೇರಿಸಿ ಕೊಡುವ ಪದ್ಧತಿ ಬಂದು ಬಹಳ ವರ್ಷವಾಯಿತು. ಮಕ್ಕಳಿಗೆ ಬರುವ ರಜೆ ಸರಿ, ಅತ್ತೆ ಮಾವನ ಆರೈಕೆ ಮಾಡಿದ ವರ್ಷ ಎಷ್ಟೋ ನಿಯಮಗಳ ಕಣ್ಣಿಗೇ ಬೀಳುವುದಿಲ್ಲ. ‘ಸಂಶೋಧನೆಯಿಂದ ದೂರವಿದ್ದ ಅವಧಿ’ ಅನ್ನುವ ಅಂಕಣ ಇದ್ದರೆ ಸಂಕೋಚ ಬೇಡ, ತಿಂಗಳು ವರ್ಷ ಸಮೇತ ಬರೆಯಿರಿ. ಅನುಕಂಪಕ್ಕೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಎಣಿಕೆ ಸರಿಯಾಗಿರಲಿ ಅಂತ ಬರೆಯುವುದು.

ಜ್ಯಾನೆಟ್ ಟೇಲರ್ ಸ್ಪೆನ್ಸ್ ಹೆಸರಿನಲ್ಲಿ ಪ್ರಶಸ್ತಿ ಇದೆ ಅಂದೆನಲ್ಲ, ಅವರ ಕಥೆ ಕೇಳಿ. ಆತಂಕವನ್ನು ಅಳೆಯಲು 1953ರಲ್ಲಿ ಅವರು ಪ್ರಕಟಿಸಿದ ಪ್ರಶ್ನಾವಳಿಯನ್ನು ಜಗತ್ತೆಲ್ಲ ಬಳಸಿತು. ಮದುವೆಯಾದದ್ದು ತಮ್ಮದೇ ಗೈಡ್ ಆಗಿದ್ದ ಕೆನೆತ್ ಸ್ಪೆನ್ಸ್ ಅವರನ್ನು. ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಇರಬಾರದು ಅನ್ನುವ ನಿಯಮ ಆಗ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿತ್ತು. ವಿಭಾಗದ ಹೊರಗೆ ಉಳಿದದ್ದು ಹೆಂಡತಿ. ಮೊದಲು ಆಸ್ಪತ್ರೆಯಲ್ಲಿ, ಆಮೇಲೆ ಬೇರೆ ವಿಭಾಗದಲ್ಲಿ ಕೆಲಸ ಮಾಡಿದರು. ಗಂಡ 1967ರಲ್ಲಿ ತೀರಿಕೊಂಡ ಮೇಲೆಯೇ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದ ಬಾಗಿಲು ತೆರೆದದ್ದು. ಬಂದು ಅದರ ಮುಖ್ಯಸ್ಥೆಯಾದರು, 1984ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷೆಯೂ ಆದರು. ಅಂಥವರ ಹೆಸರನ್ನು ಅರ್ಲಿ ಕರಿಯರ್ ಪ್ರಶಸ್ತಿಗೆ ಇಟ್ಟಿರುವುದು ನನಗೆ ತುಂಬಾ ಸಮಾಧಾನ ಕೊಡುತ್ತದೆ.

ನಾನೇ ಅರ್ಜಿ ಹಾಕಬಹುದಾ, ಬೇರೆಯವರೇ ಹೆಸರು ಸೂಚಿಸಬೇಕಾ?

ಕೆಲವು ಕಡೆ ನೀವೇ ಹಾಕಬಹುದು. ಹೆಚ್ಚಿನ ಕಡೆ ನಾಮಿನೇಷನ್ ಬೇಕು, ಜೊತೆಗೆ ಎರಡು ಮೂರು ಶಿಫಾರಸು ಪತ್ರ. ನಮ್ಮವರಿಗೆ ಕಷ್ಟವಾಗುವುದು ಇಲ್ಲೇ. “ಸರ್, ನನ್ನ ಹೆಸರು ಕಳಿಸ್ತೀರಾ” ಅಂತ ಗೈಡನ್ನು ಕೇಳುವುದು ದುರಹಂಕಾರ ಅಂದುಕೊಳ್ಳುತ್ತಾರೆ. ಗೈಡಿಗೋ ನೂರೆಂಟು ಕೆಲಸ, ಇದು ಹೊಳೆಯುವುದೇ ಇಲ್ಲ. ಇಬ್ಬರೂ ಸುಮ್ನೆ ಕೂತು ವರ್ಷ ಕಳೆದುಹೋಗುತ್ತದೆ.

ಕೇಳಿ. ಕೇಳುವ ದಾರಿಯೂ ಸುಲಭ. ನಿಯಮದ ಹಾಳೆ, ನಿಮ್ಮ ಬಯೋಡೇಟಾ, ನಿಮ್ಮ ಕೆಲಸದ ಬಗ್ಗೆ ಒಂದು ಪುಟ, ಕೊನೆಯ ದಿನಾಂಕ, ಇಷ್ಟನ್ನು ಒಂದು ಫೋಲ್ಡರಿನಲ್ಲಿ ಹಾಕಿ, ಕನಿಷ್ಠ ಒಂದೂವರೆ ತಿಂಗಳು ಮುಂಚೆ ಕೊಡಿ. ಪತ್ರ ಬರೆಯುವವರಲ್ಲಿ ಒಬ್ಬರಾದರೂ ನಿಮ್ಮ ಗೈಡ್ ಅಲ್ಲದವರು, ನಿಮ್ಮ ಜೊತೆ ಪೇಪರ್ ಬರೆಯದವರು ಆಗಿರಲಿ. ಹೊರಗಿನವರ ಮಾತಿಗೆ ತೂಕ ಜಾಸ್ತಿ.

ನಾಮಿನೇಷನ್ ಪತ್ರದಲ್ಲಿ ಏನು ಬರೆದರೆ ಓದ್ತಾರೆ?

ನಾನು ಬರೆದ ಮೊದಲ ಪತ್ರ ಹೀಗೆ ಶುರುವಾಗಿತ್ತು: ‘ಇವರು ಹೆಸರಾಂತ ಪತ್ರಿಕೆಗಳಲ್ಲಿ ಹದಿನಾಲ್ಕು ಪ್ರಬಂಧಗಳನ್ನು ಪ್ರಕಟಿಸಿದ್ದಾರೆ, ಒಂಬತ್ತು ಸಮ್ಮೇಳನಗಳಲ್ಲಿ ಭಾಗವಹಿಸಿದ್ದಾರೆ, ಶ್ರಮಜೀವಿ, ವಿನಯವಂತೆ.’ ಒಂದೂ ಸುಳ್ಳಲ್ಲ. ಆದರೆ ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ಮಾತು. ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಓದಿ, ಪೆನ್ಸಿಲಿನಲ್ಲಿ ಅಂಚಿಗೆ ಒಂದೇ ಪ್ರಶ್ನೆ ಬರೆದುಕೊಟ್ಟರು: ‘ಈ ಹುಡುಗಿ ಇರದಿದ್ದರೆ ನಮಗೆ ಏನು ಗೊತ್ತಾಗುತ್ತಿರಲಿಲ್ಲ?’

ಅವತ್ತಿನಿಂದ ನಾನು ಪತ್ರವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಮೂರು ವಾಕ್ಯ ಸಾಕು. ಮುಂಚೆ ಎಲ್ಲರೂ ಏನು ಅಂದುಕೊಂಡಿದ್ದರು. ಇವರು ಏನು ಮಾಡಿ ನೋಡಿದರು. ಈಗ ಏನು ಬೇರೆಯಾಗಿ ಕಾಣುತ್ತದೆ. ಮೇಲೆ ಹೇಳಿದ ಕಚಗುಳಿಯ ಕೆಲಸವನ್ನೇ ಹೀಗೆ ಬರೆದು ನೋಡಿ, ಮೂರೇ ವಾಕ್ಯದಲ್ಲಿ ಬಂದುಬಿಡುತ್ತದೆ. ಪ್ರಬಂಧಗಳ ಪಟ್ಟಿ ಹೇಗೂ ಬಯೋಡೇಟಾದಲ್ಲಿ ಇರುತ್ತದೆ. ‘ವಿನಯವಂತೆ’ ಅನ್ನುವ ಪದವನ್ನು ದಯವಿಟ್ಟು ತೆಗೆದುಹಾಕಿ. ಹುಡುಗರ ಪತ್ರದಲ್ಲಿ ‘ಚುರುಕು ಬುದ್ಧಿ’, ಹುಡುಗಿಯರ ಪತ್ರದಲ್ಲಿ ‘ಒಳ್ಳೆಯ ಸ್ವಭಾವ’ ಅಂತ ಬರೆಯುವ ಅಭ್ಯಾಸ ನಮ್ಮ ಕೈಯಲ್ಲಿ ಗೊತ್ತಿಲ್ಲದೆ ಕೂತಿದೆ. ನನ್ನ ಹಳೆಯ ಪತ್ರಗಳಲ್ಲೂ ಅದಿದೆ.

ಎಷ್ಟು ಪೇಪರ್ ಇದ್ದರೆ ಸಾಕು?

ಸಂಖ್ಯೆ ಅಂತ ಇಲ್ಲ. ಒಂದೇ ಪ್ರಶ್ನೆಯನ್ನು ಹಿಡಿದು ಒಂದರ ಮೇಲೊಂದು ಕಟ್ಟಿದ ಐದು ಪ್ರಬಂಧಗಳು, ದಿಕ್ಕಿಗೊಂದರಂತೆ ಚದುರಿದ ಇಪ್ಪತ್ತಕ್ಕಿಂತ ಮೇಲು.

ಭಾರತದಲ್ಲಿ ಇಂಥದ್ದು ಏನಿದೆ?

ಬೆಂಗಳೂರಿನ ಇನ್ಫೋಸಿಸ್ ಸೈನ್ಸ್ ಫೌಂಡೇಷನ್ 2009ರಿಂದ ಕೊಡುವ ಇನ್ಫೋಸಿಸ್ ಪ್ರಶಸ್ತಿ 2024ರಿಂದ 40 ವರ್ಷದೊಳಗಿನವರಿಗೆ ಮೀಸಲಾಗಿದೆ. ಆರು ವಿಭಾಗಗಳಿವೆ, ಮನಶ್ಶಾಸ್ತ್ರಕ್ಕೆ ಬೇರೆ ವಿಭಾಗ ಇಲ್ಲ. ನಿಮ್ಮ ಕೆಲಸ ಸಮಾಜದ ಕಡೆ ವಾಲಿದರೆ ಮಾನವಿಕ ಮತ್ತು ಸಮಾಜ ವಿಜ್ಞಾನ, ಮೆದುಳಿನ ಕಡೆ ವಾಲಿದರೆ ಜೀವವಿಜ್ಞಾನ. ಇದು ಬಹಳ ದೊಡ್ಡ ಮಟ್ಟದ್ದು.

ಪ್ರಶಸ್ತಿಗಿಂತ ಮುಂಚೆ ಹೊಸಬರಿಗೆ ಬೇಕಾಗಿರುವುದು ಕೆಲಸ ಮಾಡಲು ಹಣ. ಜೀವವಿಜ್ಞಾನ, ಆರೋಗ್ಯ ಸಂಶೋಧನೆಗೆಂದು 2008ರಲ್ಲಿ ಶುರುವಾದ ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗಳು, ಅದೇ ವರ್ಷ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ತಂದ ಕಾಗ್ನಿಟಿವ್ ಸೈನ್ಸ್ (ಮನಸ್ಸು, ಮೆದುಳಿನ ಕೆಲಸದ ಅಧ್ಯಯನ) ಯೋಜನೆ, ಈ ಕಡೆ ಮೊದಲು ನೋಡಿ ಅಂತ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

## ಆಳಕ್ಕೆ ಇಳಿಯುವ ಪ್ರಶ್ನೆಗಳು

ಕನ್ನಡ ಮಕ್ಕಳ ಮೇಲೆ ಮಾಡಿದ ಕೆಲಸವನ್ನ ಲಂಡನ್ನಿನವರು ಯಾಕೆ ಕೇಳ್ತಾರೆ?

ಕೇಳಲೇಬೇಕಾದ ಕಾರಣವಿದೆ. ಮನಶ್ಶಾಸ್ತ್ರದ ಮುಖ್ಯ ಪತ್ರಿಕೆಗಳನ್ನು ಎಣಿಸಿ ನೋಡಿದಾಗ, ಪ್ರಯೋಗಕ್ಕೆ ಬಂದವರಲ್ಲಿ 96 ಶೇಕಡಾ ಜನ ಕೆಲವೇ ಶ್ರೀಮಂತ ದೇಶಗಳವರು ಎಂದು ಗೊತ್ತಾಯಿತು. ಜಗತ್ತಿನ ಜನರಲ್ಲಿ ಆ ದೇಶಗಳ ಪಾಲು ಬರೀ 12 ಶೇಕಡಾ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು ಇದನ್ನು ಮುಂದಿಟ್ಟು ಜೋರಾಗಿ ಪ್ರಶ್ನೆ ಎತ್ತಿದರು. ‘ಮನುಷ್ಯರು ಹೀಗೆ’ ಎಂದು ಬರೆದದ್ದು ಎಷ್ಟೋ ಸಲ ‘ಅಮೆರಿಕದ ಕಾಲೇಜು ಮಕ್ಕಳು ಹೀಗೆ’ ಅಂತಷ್ಟೇ ಆಗಿತ್ತು.

ಓದು ಕಲಿಯುವುದನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಮಗುವಿಗೆ 26 ಅಕ್ಷರ. ನಮ್ಮ ಮಗು ಕ ಕಾ ಕಿ ಕೀ ಅಂತ ಕಾಗುಣಿತಕ್ಕೆ ಬಂದರೆ ನಾನೂರು ದಾಟುತ್ತದೆ, ಮೇಲೆ ಒತ್ತಕ್ಷರ. ‘ಕ್ಷ’ದ ಹತ್ತಿರ ಬಂದು ಬೆರಳಿಟ್ಟುಕೊಂಡು ನಿಂತುಬಿಡುವ ಎರಡನೇ ಕ್ಲಾಸಿನ ಮಗುವನ್ನು ನೀವೂ ನೋಡಿರುತ್ತೀರಿ. ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಕಲಿಕೆ ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿತು. ‘ಕಿ’ಯಲ್ಲಿ ಕ್ ಬೇರೆ ಇ ಬೇರೆ ಅಂತ ಬಿಡಿಸಿ ಕೇಳಿಸಿಕೊಳ್ಳುವ ಶಕ್ತಿಯೂ ನಿಧಾನವಾಗಿ ಬರುತ್ತದೆ. ಇಂಗ್ಲಿಷಿನ ಅಳತೆಗೋಲಿನಲ್ಲಿ ನೋಡಿದರೆ ಮಗು ಹಿಂದುಳಿದಂತೆ ಕಾಣುತ್ತದೆ. ಮಗು ಸರಿಯಾಗೇ ಇದೆ, ಕಲಿಯಬೇಕಾದ ಲಿಪಿಯೇ ಬೇರೆ ಥರದ್ದು.

ಹಾಗಾಗಿ ಬರೆಯುವಾಗ ‘ಕನ್ನಡದಲ್ಲೂ ಹೀಗೇ ಆಗುತ್ತದೆ’ ಅಂತ ಬಾಲ ಹಿಡಿದುಕೊಂಡು ಹೋಗಬೇಡಿ. ಕನ್ನಡದಿಂದ ಮಾತ್ರ ಕಾಣುವುದು ಏನು ಅಂತ ಬರೆಯಿರಿ.

ಪ್ರಶಸ್ತಿ ಬಂದಿದೆ ಅಂದ್ರೆ ಆ ಸಿದ್ಧಾಂತ ಸರಿ ಅಂತ ಅರ್ಥ ಅಲ್ವಾ?

ಅಲ್ಲ. ಇದಕ್ಕೆ ಟ್ರೋಲ್ಯಾಂಡ್ ಪ್ರಶಸ್ತಿಯ ಪಟ್ಟಿಯಲ್ಲೇ ಒಂದು ಸೊಗಸಾದ ಜೋಡಿ ಇದೆ.

1997ರಲ್ಲಿ ನ್ಯಾನ್ಸಿ ಕ್ಯಾನ್‌ವಿಷರ್ ಮತ್ತು ಇಬ್ಬರು ಜೊತೆಗಾರರು, ಮೆದುಳಿನ ತಳಭಾಗದ ಒಂದು ಸಣ್ಣ ಜಾಗ ಮುಖ ಕಂಡಾಗ ಬೇರೆ ವಸ್ತುಗಳಿಗಿಂತ ತುಂಬಾ ಜಾಸ್ತಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಮುಖ ಗುರುತಿಸಲೆಂದೇ ಮೆದುಳಿನಲ್ಲಿ ಒಂದು ಜಾಗ ಮೀಸಲಿದೆ ಎಂಬುದು ವಾದ. 1999ರಲ್ಲಿ ಅವರಿಗೆ ಟ್ರೋಲ್ಯಾಂಡ್ ಬಂತು.

ಇಸಬೆಲ್ ಗೋತಿಯೇ ಇದನ್ನು ಒಪ್ಪಲಿಲ್ಲ. ಮುಖ ನೋಡುವುದರಲ್ಲಿ ನಾವೆಲ್ಲ ಪಳಗಿದವರು, ಆ ಜಾಗ ಪಳಗಿದ ಕಣ್ಣಿನದು ಅಂದರು. ಪರೀಕ್ಷಿಸಲು ‘ಗ್ರೀಬಲ್’ ಅನ್ನುವ, ಯಾರೂ ಎಂದೂ ನೋಡಿರದ, ಕೊಂಬು ಮೂತಿಗಳಿರುವ ಕಂಪ್ಯೂಟರ್ ಗೊಂಬೆಗಳನ್ನು ಬಳಸಿದರು. ಜನರಿಗೆ ಗಂಟೆಗಟ್ಟಲೆ ಅಭ್ಯಾಸ ಮಾಡಿಸಿ, ಒಂದು ಗ್ರೀಬಲ್ಲನ್ನು ಇನ್ನೊಂದರಿಂದ ಥಟ್ಟನೆ ಗುರುತಿಸುವಂತೆ ತಯಾರು ಮಾಡಿದರು. ಆಗ ಗ್ರೀಬಲ್ ಕಂಡರೂ ಆ ಜಾಗ ಹೆಚ್ಚು ಚುರುಕಾಯಿತು. ಆಮೇಲೆ ಹಕ್ಕಿ ಬಲ್ಲವರಿಗೆ ಹಕ್ಕಿ, ಕಾರು ಬಲ್ಲವರಿಗೆ ಕಾರು ತೋರಿಸಿ ನೋಡಿದರು. ಅಲ್ಲೂ ಅದೇ ಕಂಡಿತು. ನನಗೆ ಇದನ್ನು ಓದುವಾಗ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ವ್ಯಾಪಾರಿಗಳು ನೆನಪಾಗುತ್ತಾರೆ. ನನಗೆ ಎಲ್ಲ ಗೂಡೂ ಒಂದೇ. ಅವರು ಒಂದು ಹಿಡಿ ಎತ್ತಿ ನೋಡಿದರೆ ಅವರಿಗೆ ಕಾಣುವುದೇ ಬೇರೆ. ಗೋತಿಯೇ ಅವರಿಗೂ 2008ರಲ್ಲಿ ಅದೇ ಟ್ರೋಲ್ಯಾಂಡ್ ಬಂತು.

ಎದುರುಬದುರು ವಾದ, ಇಬ್ಬರಿಗೂ ಒಂದೇ ಪ್ರಶಸ್ತಿ. ವಾದ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಅಕಾಡೆಮಿಯವರು ಗೊಂದಲದಲ್ಲಿದ್ದರು ಅಂತ ನಾನು ಅಂದುಕೊಳ್ಳುವುದಿಲ್ಲ. ಎರಡೂ ಕಡೆಯವರು ಪ್ರಶ್ನೆಯನ್ನು ಮುಂಚೆಗಿಂತ ಎಷ್ಟೋ ಹರಿತ ಮಾಡಿದ್ದರು, ಅದಕ್ಕೆ ಸಂದದ್ದು.

ಆಮೇಲೆ ಮೋಸ ಅಂತ ಗೊತ್ತಾದರೆ ವಾಪಸ್ ತಗೋತಾರಾ?

ತೆಗೆದುಕೊಂಡ ಉದಾಹರಣೆ ಇದೆ. ನೆದರ್ಲೆಂಡ್ಸಿನ ಡೀಡರಿಕ್ ಸ್ಟಾಪೆಲ್‌ಗೆ 2009ರಲ್ಲಿ ಪ್ರಾಯೋಗಿಕ ಸಾಮಾಜಿಕ ಮನಶ್ಶಾಸ್ತ್ರಜ್ಞರ ಸಂಘ ಪ್ರಶಸ್ತಿ ಕೊಟ್ಟಿತ್ತು. ತೀರಾ ಹೊಸಬರ ಪ್ರಶಸ್ತಿಯಲ್ಲ, ವೃತ್ತಿಯ ನಡುಭಾಗದ್ದು. 2011ರಲ್ಲಿ, ಅವನು ವರ್ಷಗಟ್ಟಲೆ ಅಂಕಿಅಂಶಗಳನ್ನು ಕೂತಲ್ಲೇ ಹುಟ್ಟಿಸಿದ್ದ ಎಂದು ಬಯಲಾಯಿತು. ಐವತ್ತಕ್ಕೂ ಹೆಚ್ಚು ಪ್ರಬಂಧಗಳು ರದ್ದಾದವು, ಪ್ರಶಸ್ತಿಯೂ ಹೋಯಿತು. ಇದನ್ನು ಬಯಲಿಗೆ ತಂದವರು ಅವನದೇ ವಿಭಾಗದ ಮೂವರು ಕಿರಿಯ ಸಂಶೋಧಕರು. ತಮ್ಮ ಮುಂದಿನ ದಾರಿಯೆಲ್ಲ ಆ ದೊಡ್ಡ ಮನುಷ್ಯನ ಕೈಯಲ್ಲಿದ್ದರೂ ಬಾಯಿ ಬಿಟ್ಟರು. ಪ್ರಶಸ್ತಿ ಪಟ್ಟಿಯಲ್ಲಿ ಆ ಮೂವರ ಹೆಸರಿಲ್ಲ.

ಮೋಸವಿಲ್ಲದೆಯೂ ಫಲಿತಾಂಶ ನಿಲ್ಲದೆ ಹೋಗಬಹುದು. 2015ರಲ್ಲಿ ನೂರು ಮನಶ್ಶಾಸ್ತ್ರ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಎರಡನೇ ಸಲವೂ ಸ್ಪಷ್ಟ ಫಲಿತಾಂಶ ಕೊಟ್ಟವು. ಹಾಗಾಗಿ ಈಗ ಅರ್ಜಿಯಲ್ಲಿ, ನಿಮ್ಮ ಕೆಲಸವನ್ನು ಬೇರೆಯವರು ಮತ್ತೆ ಮಾಡಿ ನೋಡಿದ್ದಾರಾ, ಡೇಟಾವನ್ನು ಎಲ್ಲರಿಗೂ ತೆರೆದಿಟ್ಟಿದ್ದೀರಾ ಎಂದು ಬರೆದರೆ ಅದಕ್ಕೆ ಬೆಲೆಯಿದೆ.

ಸ್ಪಿಯರ್‌ಮನ್ ಹೆಸರನ್ನ ಪದಕಕ್ಕೆ ಇಟ್ಟಿದ್ದು ಸರಿನಾ?

ಈ ಪ್ರಶ್ನೆ ಕೇಳಿದ ಹುಡುಗಿ ನನ್ನನ್ನು ಒಂದು ವಾರ ಯೋಚನೆಗೆ ಹಚ್ಚಿದಳು. ಬುದ್ಧಿಶಕ್ತಿಯನ್ನು ಅಳೆಯುವ ಕೆಲಸ ಹುಟ್ಟಿದ ಕಾಲದಲ್ಲಿ, ‘ಉತ್ತಮ ತಳಿ’ಯ ಮನುಷ್ಯರನ್ನು ಬೆಳೆಸಬೇಕು ಅನ್ನುವ ವಿಚಾರವೂ ಅದರ ಜೊತೆ ಹೆಣೆದುಕೊಂಡಿತ್ತು. 1912ರಲ್ಲಿ ಬರ್ನಾರ್ಡ್ ಹಾರ್ಟ್ ಜೊತೆ ಬರೆದ ಪ್ರಬಂಧದಲ್ಲಿ ಸ್ಪಿಯರ್‌ಮನ್, ಮುಂದೊಂದು ದಿನ ಮತ ಹಾಕಲು, ಅಷ್ಟೇ ಅಲ್ಲ, ಮಕ್ಕಳನ್ನು ಹೆರಲು ಕೂಡ ಇಷ್ಟು ಬುದ್ಧಿಶಕ್ತಿ ಇರಬೇಕು ಎಂದು ಗೊತ್ತುಮಾಡಬಹುದು ಎಂಬ ಕಲ್ಪನೆ ಮುಂದಿಟ್ಟರು. ಓದಿದರೆ ಮೈ ಜುಮ್ಮೆನ್ನುತ್ತದೆ. ಅವರು ಪಾಠ ಮಾಡಿದ ಯೂನಿವರ್ಸಿಟಿ ಕಾಲೇಜ್ ಲಂಡನ್ 2020ರಲ್ಲಿ ಆ ‘ಉತ್ತಮ ತಳಿ’ ವಿಚಾರದ ಮುಂದಾಳುಗಳಾದ ಗಾಲ್ಟನ್ ಮತ್ತು ಪಿಯರ್ಸನ್ ಹೆಸರುಗಳನ್ನು ತನ್ನ ಕಟ್ಟಡ, ಸಭಾಂಗಣಗಳಿಂದ ತೆಗೆಯಿತು. ಕಾರಣ ಇದೇ ವಿಚಾರ.

ನನ್ನ ನಿಲುವು: ಅವರ ಲೆಕ್ಕದ ವಿಧಾನ ಬೇಕು, ಅದಿಲ್ಲದೆ ನಮ್ಮ ಕೆಲಸ ನಡೆಯಲ್ಲ. ಆದರೆ ಹೊಸಬರ ಕೊರಳಿಗೆ ಹಾಕುವ ಪದಕದ ಮೇಲೆ ಆ ಹೆಸರೇ ಇರಬೇಕಾಗಿಲ್ಲ. ಇದನ್ನು ಒಪ್ಪದ ಸಹೋದ್ಯೋಗಿಗಳೂ ನನಗಿದ್ದಾರೆ. ಹೆಸರು ಅಳಿಸಿದರೆ ಆ ಇತಿಹಾಸವನ್ನು ಪಾಠ ಮಾಡುವುದೂ ನಿಂತುಹೋಗುತ್ತದೆ ಅನ್ನುವುದು ಅವರ ಭಯ. ಅದರಲ್ಲೂ ಹುರುಳಿದೆ.

ಒಂದ್ಸಲ ಸಿಕ್ಕವರಿಗೇ ಮತ್ತೆ ಮತ್ತೆ ಸಿಗುತ್ತಲ್ಲ ಮೇಡಂ? ಈ ಸಲ ಸಿಗಲಿಲ್ಲ ಅಂದ್ರೆ ನನ್ನ ಕಥೆ ಮುಗೀತಾ?

ಮೊದಲ ಮಾತು ನಿಜ. ನೆದರ್ಲೆಂಡ್ಸಿನ ಅರ್ಲಿ ಕರಿಯರ್ ಧನಸಹಾಯದ ಬಗ್ಗೆ 2018ರಲ್ಲಿ ಬಂದ ಅಧ್ಯಯನವೊಂದು, ಕೂದಲೆಳೆಯಲ್ಲಿ ಗೆದ್ದವರನ್ನೂ ಕೂದಲೆಳೆಯಲ್ಲಿ ಸೋತವರನ್ನೂ ಹೋಲಿಸಿತು. ಅಂಕ ಹೆಚ್ಚುಕಡಿಮೆ ಒಂದೇ. ಮುಂದಿನ ಎಂಟು ವರ್ಷದಲ್ಲಿ ಗೆದ್ದವರಿಗೆ ಎರಡು ಪಟ್ಟಿಗಿಂತ ಜಾಸ್ತಿ ಹಣ ಸಿಕ್ಕಿತು. ಇದಕ್ಕೆ ಒಂದು ಕಾರಣ, ಸೋತವರು ಆಮೇಲೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿದ್ದು. ನನಗೆ ನೋವಾದದ್ದು ಅಲ್ಲೇ. ಬಾಗಿಲು ಬೇರೆಯವರು ಅರ್ಧ ಮುಚ್ಚಿದ್ದರು, ಉಳಿದರ್ಧವನ್ನು ಇವರೇ ಮುಚ್ಚಿಕೊಂಡರು.

ಎರಡನೇ ಮಾತಿಗೆ ಉತ್ತರ ಬೇರೆ. ಅಮೆರಿಕದ ಆರೋಗ್ಯ ಸಂಶೋಧನೆಯ ಧನಸಹಾಯಗಳನ್ನು ಹಿಡಿದು 2019ರಲ್ಲಿ ಇದೇ ಥರದ ಹೋಲಿಕೆ ನಡೆಯಿತು. ಸೋತವರಲ್ಲಿ ಕೆಲವರು ಕ್ಷೇತ್ರವನ್ನೇ ಬಿಟ್ಟರು. ಆದರೆ ಉಳಿದುಕೊಂಡವರು ಮುಂದಿನ ಹತ್ತು ವರ್ಷದಲ್ಲಿ ಗೆದ್ದವರಿಗಿಂತ ಹೆಚ್ಚು ಪ್ರಭಾವದ ಪ್ರಬಂಧಗಳನ್ನು ಬರೆದರು. ಬಿಟ್ಟುಹೋದವರ ಪಾಲನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ಅಂತರ ಉಳಿಯಿತು.

ನಿಯಮದಲ್ಲಿ ಬೇಡ ಅಂತ ಬರೆದಿಲ್ಲದಿದ್ದರೆ ಮತ್ತೆ ಹಾಕಿ. ನಿಮ್ಮ ವರ್ಷಗಳು ಎಷ್ಟು ಉಳಿದಿವೆ ಅಂತ ಇವತ್ತೇ ಎಣಿಸಿಕೊಳ್ಳಿ. ಹೋದ ಸಲ ನಾನು ಹೆಸರು ಕಳಿಸಿದ ಹುಡುಗಿಗೆ ಸಿಗಲಿಲ್ಲ. ಅವಳಿಗಿನ್ನೂ ಮೂರು ವರ್ಷ ಇದೆ. ಪತ್ರವನ್ನು ಫೈಲಿನಲ್ಲಿ ಹಾಗೇ ಇಟ್ಟಿದ್ದೇವೆ, ಮೊದಲ ಪ್ಯಾರಾ ಮಾತ್ರ ಹೊಸದಾಗಿ ಬರೆಯುತ್ತಿದ್ದೇವೆ. ಈ ನಡುವೆ ಅವಳಿಗೆ ಇನ್ನೊಂದು ವಿಷಯ ಹೊಳೆದಿದೆ.